ಕ್ಯಾಸಿಯೋಪಿಯ ಎ: ಎಷ್ಟು ಬಿಸಿಯಾದರೆ ಗಾಮಾ ಕಿರಣ ಬರುತ್ತದೆ?

ಶಿರಸಿ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಕಳೆದ ಶನಿವಾರ ನಮ್ಮ ಶಾಲೆಯ ವಿಜ್ಞಾನ ಸಂಘದಲ್ಲಿ ಎಕ್ಸ್‌ಪೋಸ್ಯಾಟ್ ಬಗ್ಗೆ ಮಾತಾಡಿದೆ. 2024ರ ಜನವರಿ 1ರಂದು ಇಸ್ರೋ ಹಾರಿಸಿದ ಉಪಗ್ರಹ ಅದು. ಅದರಲ್ಲಿ ಎಕ್ಸ್‌ಸ್ಪೆಕ್ಟ್ ಅಂತ ಒಂದು ಉಪಕರಣ ಇದೆ, ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ತಯಾರಾದದ್ದು. ಅದು ಮೊಟ್ಟಮೊದಲು ನೋಡಿದ್ದು ಕ್ಯಾಸಿಯೋಪಿಯ ಎ ಅನ್ನುವ ಸೂಪರ್‌ನೋವಾ ಅವಶೇಷವನ್ನು. ಇಸ್ರೋ ಬಿಡುಗಡೆ ಮಾಡಿದ ಚಿತ್ರವನ್ನೇ ಮಕ್ಕಳಿಗೆ ತೋರಿಸಿದೆ. ಯಾವ ಶಕ್ತಿಯ ಎಕ್ಸ್-ರೇ ಎಷ್ಟು ಬಂತು ಅಂತ ಎಳೆದ ರೇಖೆ ಅದು. ಮೆಗ್ನೀಸಿಯಂ, ಸಿಲಿಕಾನ್, ಗಂಧಕ, ಆರ್ಗಾನ್, ಕ್ಯಾಲ್ಸಿಯಂ, ಕಬ್ಬಿಣ ಒಂದೊಂದಕ್ಕೂ ಒಂದೊಂದು ಶಿಖರ ಇದೆ. ನಕ್ಷತ್ರ ಸಿಡಿದಾಗ ಹೊರಗೆ ಚೆಲ್ಲಿದ ಮೂಲವಸ್ತುಗಳು ಇವೇ, ಅನಿಲ ಕೋಟಿಗಟ್ಟಲೆ ಡಿಗ್ರಿ ಬಿಸಿಯಾಗಿರುವುದರಿಂದ ಎಕ್ಸ್-ರೇ ಬರುತ್ತಿದೆ ಅಂದೆ. ಮಕ್ಕಳಿಗೆ ತುಂಬಾ ಖುಷಿಯಾಯಿತು.

ಆಮೇಲೆ ಕೊನೆಯ ಸ್ಲೈಡಿನಲ್ಲಿ, ಇದೇ ಅವಶೇಷದಿಂದ ಟಿಇವಿ ಶಕ್ತಿಯ ಗಾಮಾ ಕಿರಣಗಳೂ ಬರುತ್ತವೆ ಅಂತ ಒಂದು ಸಾಲು ಹಾಕಿದ್ದೆ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸರ್, ಎಕ್ಸ್-ರೇಗೆ ಕೋಟಿ ಡಿಗ್ರಿ ಬೇಕು ಅಂದ್ರಿ, ಹಾಗಾದ್ರೆ ಗಾಮಾ ಕಿರಣಕ್ಕೆ ಎಷ್ಟು ಡಿಗ್ರಿ ಬೇಕು? ಅಷ್ಟು ಬಿಸಿ ಅಲ್ಲಿ ಇದೆಯಾ?"

ಒಳ್ಳೆಯ ಪ್ರಶ್ನೆ, ಮುಂದಿನ ವಾರ ಉತ್ತರ ತರುತ್ತೇನೆ ಅಂತ ಮಾತು ಕೊಟ್ಟು ಬಂದಿದ್ದೇನೆ. ಮನೆಗೆ ಬಂದು ಓದುತ್ತಾ ಕೂತರೆ ಇನ್ನೊಂದು ಗಂಟು ಎದುರಾಯಿತು. ಬಾಹ್ಯಾಕಾಶದಿಂದ ಭೂಮಿಗೆ ಬಂದು ಬೀಳುವ ಭಾರೀ ಶಕ್ತಿಯ ಕಣಗಳನ್ನು ಕಾಸ್ಮಿಕ್ ಕಿರಣ ಅನ್ನುತ್ತಾರಲ್ಲ, ಅದರ ಬಗ್ಗೆ. ಕಾಸ್ಮಿಕ್ ಕಿರಣಗಳು ಸೂಪರ್‌ನೋವಾ ಅವಶೇಷಗಳಿಂದಲೇ ಹುಟ್ಟುತ್ತವೆ, ಗಾಮಾ ಕಿರಣವೇ ಅದಕ್ಕೆ ಸಾಕ್ಷಿ ಅಂತ ಒಂದು ಕಡೆ ಇದೆ. ಕಾಸ್ಮಿಕ್ ಕಿರಣಗಳ ಮೂಲ ಇನ್ನೂ ಇತ್ಯರ್ಥವಾಗಿಲ್ಲ ಅಂತ ಇನ್ನೊಂದು ಕಡೆ ಇದೆ. ಸಾಕ್ಷಿ ಸಿಕ್ಕಿದ್ದರೆ ಇತ್ಯರ್ಥ ಆಗಬೇಕಿತ್ತು ಅಲ್ವಾ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ. ಗಣಿತ ಸ್ವಲ್ಪ ಇದ್ದರೂ ಪರವಾಗಿಲ್ಲ.


ಹೈಡೆಲ್‌ಬರ್ಗ್ ಕನ್ನಡತಿ:

ಮೇಷ್ಟ್ರೇ, ನಮಸ್ಕಾರ. ನಿಮ್ಮ ವಿದ್ಯಾರ್ಥಿನಿ ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದಾಳೆ. ನಾನು ಇಲ್ಲಿ ಗಾಮಾ ಕಿರಣಗಳ ಮೇಲೇ ಪಿಎಚ್‌ಡಿ ಮಾಡುತ್ತಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಅವಳ ಪ್ರಶ್ನೆ. ಒಂದು ಕೆಇವಿ ಅಂದರೆ ಸಾವಿರ ಎಲೆಕ್ಟ್ರಾನ್ ವೋಲ್ಟ್. ತಾಪಕ್ಕೆ ಬದಲಿಸಿದರೆ ಅದು ಸುಮಾರು 1 ಕೋಟಿ 16 ಲಕ್ಷ ಕೆಲ್ವಿನ್. ನೀವು ತೋರಿಸಿದ ಸಿಲಿಕಾನ್, ಗಂಧಕದ ಶಿಖರಗಳು ಎರಡು ಮೂರು ಕೆಇವಿ ಆಸುಪಾಸಿನವು. ಆದ್ದರಿಂದ ಕೋಟಿ ಡಿಗ್ರಿ ಅನ್ನುವುದು ಸರಿ. ಒಂದು ಟಿಇವಿ ಅಂದರೆ ಲಕ್ಷ ಕೋಟಿ ಎಲೆಕ್ಟ್ರಾನ್ ವೋಲ್ಟ್, ಕೆಇವಿಯ ನೂರು ಕೋಟಿ ಪಟ್ಟು. ಹಾಗಾದರೆ ತಾಪವೂ ಆ ಕೋಟಿ ಡಿಗ್ರಿಯ ನೂರು ಕೋಟಿ ಪಟ್ಟು ಬೇಕು. ಅಂಥ ಬಿಸಿ ಅಲ್ಲಿ ಇಲ್ಲ, ಇರಲು ಸಾಧ್ಯವೂ ಇಲ್ಲ. ಹೀಗಾಗಿ ಉತ್ತರ ಇಷ್ಟು: ಗಾಮಾ ಕಿರಣ ಬರುವುದು ಬಿಸಿಯಿಂದ ಅಲ್ಲವೇ ಅಲ್ಲ. ಅಲ್ಲಿನ ಕಣಗಳಲ್ಲಿ ಬಹುಪಾಲು ಸಾಮಾನ್ಯ ಬಿಸಿ ಅನಿಲವಾಗಿಯೇ ಇವೆ. ಅವುಗಳ ನಡುವೆ ಬೆರಳೆಣಿಕೆಯಷ್ಟು ಕಣಗಳು ಮಾತ್ರ ಉಳಿದವಕ್ಕಿಂತ ಲಕ್ಷ, ಕೋಟಿ ಪಟ್ಟು ಶಕ್ತಿ ಗಳಿಸಿಕೊಂಡಿವೆ. ಗಾಮಾ ಕಿರಣ ಆ ಕೆಲವೇ ಕಣಗಳ ಕೆಲಸ.

ಅವು ಹೇಗೆ ಗಳಿಸಿಕೊಂಡವು? ಇದು ನನಗೆ ಬಹಳ ಇಷ್ಟವಾದ ಭಾಗ, ಮಕ್ಕಳಿಗೆ ಚಕ್ರಬಡ್ಡಿ ಲೆಕ್ಕದಲ್ಲೇ ಹೇಳಬಹುದು.

ಸಿಡಿದ ನಕ್ಷತ್ರದ ಆಘಾತದ ಅಲೆ ಕ್ಯಾಸ್ ಎ ಯಲ್ಲಿ ಈಗಲೂ ಸೆಕೆಂಡಿಗೆ ಸುಮಾರು 5,000 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ. ಅಲೆಯ ಹಿಂದಿರುವ ಅನಿಲ ಅದರ ಮುಕ್ಕಾಲು ವೇಗದಲ್ಲಿ ಬೆನ್ನಟ್ಟಿ ಬರುತ್ತದೆ, ಅಂದರೆ 3,750. ಮುಂದಿರುವ ಅನಿಲ ಹೆಚ್ಚು ಕಡಿಮೆ ನಿಂತಲ್ಲೇ ನಿಂತಿದೆ. ಈಗ ಒಂದು ಪ್ರೋಟಾನ್ ಅಲೆಯನ್ನು ದಾಟಿ ಮುಂದಕ್ಕೆ ಬಂತು ಅಂದುಕೊಳ್ಳಿ. ಅಲ್ಲಿನ ಕಾಂತಕ್ಷೇತ್ರ ನೇರವಾಗಿಲ್ಲ, ಸಿಕ್ಕುಸಿಕ್ಕಾಗಿದೆ, ಆ ಸಿಕ್ಕುಗಳು ಪ್ರೋಟಾನನ್ನು ತಿರುಗಿಸಿ ವಾಪಸ್ ಕಳಿಸುತ್ತವೆ, ಹಿಂದಿನ ಕಡೆಯ ಸಿಕ್ಕುಗಳು ಮತ್ತೆ ಮುಂದಕ್ಕೆ ತಳ್ಳುತ್ತವೆ. ಯಾವ ಕಡೆಯಿಂದ ನೋಡಿದರೂ ಎದುರಿನ ಅನಿಲ ತನ್ನತ್ತಲೇ ಬರುತ್ತಿರುತ್ತದೆ. ಹಾಗಾಗಿ ಪ್ರತಿ ಸುತ್ತಿಗೂ ಸ್ವಲ್ಪ ಲಾಭ. ಈ ವೇಗಕ್ಕೆ ಲೆಕ್ಕ ಹಾಕಿದರೆ ಲಾಭ ಸುತ್ತಿಗೆ ಶೇ. 1.7ರಷ್ಟು. ಬ್ಯಾಂಕಿನ ಬಡ್ಡಿಗಿಂತಲೂ ಕಡಿಮೆ, ಆದರೆ ಚಕ್ರಬಡ್ಡಿ. 40 ಚಿಲ್ಲರೆ ಸುತ್ತಿಗೆ ಶಕ್ತಿ ಎರಡು ಪಟ್ಟು, 400 ಚಿಲ್ಲರೆ ಸುತ್ತಿಗೆ ಸಾವಿರ ಪಟ್ಟು.

ಚಂದದ ವಿಷಯ ಇನ್ನೊಂದಿದೆ. ಪ್ರತಿ ಸುತ್ತಿನಲ್ಲೂ ಕೆಲವು ಕಣಗಳು ಹಿಂದಿನ ಹರಿವಿನಲ್ಲಿ ಕೊಚ್ಚಿಕೊಂಡು ಹೋಗಿ ಆಟದಿಂದ ಹೊರಗೆ ಬೀಳುತ್ತವೆ. ಅದೂ ಶೇ. 1.7! ಎರಡೂ ಅಂಕಿ ಒಂದೇ ಆಗಿರುವುದರಿಂದ ಶಕ್ತಿ ಎರಡರಷ್ಟು ಆಗುವ ಹೊತ್ತಿಗೆ ಕಣಗಳ ಸಂಖ್ಯೆ ಅರ್ಧ, ಶಕ್ತಿ ಹತ್ತರಷ್ಟು ಆದಾಗ ಸಂಖ್ಯೆ ಹತ್ತನೇ ಒಂದು. ಅಲೆ ಪ್ರಬಲವಾಗಿದ್ದರೆ ಸಾಕು, ಅದರ ವೇಗ ಎಷ್ಟೇ ಇದ್ದರೂ ಈ ಅನುಪಾತ ಬದಲಾಗುವುದಿಲ್ಲ. 1977 ಮತ್ತು 78ರಲ್ಲಿ ರಷ್ಯಾದ ಕ್ರಿಮ್ಸ್ಕಿ, ಇಂಗ್ಲೆಂಡಿನ ಬೆಲ್, ಇನ್ನೂ ಕೆಲವರು ತಮ್ಮ ತಮ್ಮ ಪಾಡಿಗೆ ಕೂತು ಇದನ್ನೇ ಕಂಡುಕೊಂಡರು. ಮೊದಲ ಸಲ ಈ ಲೆಕ್ಕ ಬಿಡಿಸಿದ ದಿನ ನಾನು ಕಾಗದ ಪಕ್ಕಕ್ಕಿಟ್ಟು ಸುಮ್ನೆ ಸ್ವಲ್ಪ ಹೊತ್ತು ಕೂತಿದ್ದೆ.

ನಿಮ್ಮ ಎರಡನೇ ಪ್ರಶ್ನೆಗೆ ರಾತ್ರಿ ಬರೆಯುತ್ತೇನೆ.


ರಾತ್ರಿಆಕಾಶ ತುಮಕೂರು:

ಮೇಡಂ, ಚಕ್ರಬಡ್ಡಿ ಲೆಕ್ಕ ತುಂಬಾ ಚೆನ್ನಾಗಿದೆ, ನಮ್ಮ ಆಕಾಶ ವೀಕ್ಷಣೆ ಗುಂಪಿನಲ್ಲೂ ಹಂಚಿಕೊಂಡೆ.

ಮೇಷ್ಟ್ರೇ, ಮಕ್ಕಳಿಗೆ ಜಾಗವನ್ನೂ ತೋರಿಸಿ. ನವೆಂಬರ್ ಸಂಜೆ ಉತ್ತರಕ್ಕೆ ಮುಖ ಮಾಡಿ ನಿಂತರೆ ಐದು ನಕ್ಷತ್ರಗಳ ಅಂಕುಡೊಂಕು ಸಾಲು ಕಾಣುತ್ತದೆ, ಅದೇ ಕ್ಯಾಸಿಯೋಪಿಯ. ಅವಶೇಷ ಬರಿಗಣ್ಣಿಗಾಗಲಿ ನಮ್ಮ ಚಿಕ್ಕ ದೂರದರ್ಶಕಕ್ಕಾಗಲಿ ಕಾಣುವುದಿಲ್ಲ. ಸುಮಾರು 11,000 ಜ್ಯೋತಿರ್ವರ್ಷ ದೂರ. ಅದು ಸಿಡಿದದ್ದು ನಮ್ಮ ಕಣ್ಣಿಗೆ ಕಾಣಬೇಕಿದ್ದದ್ದು 1680ರ ಆಸುಪಾಸಿನಲ್ಲಿ. ನಡುವೆ ದೂಳು ಜಾಸ್ತಿ ಇದ್ದದ್ದರಿಂದ ಊರೆಲ್ಲ ನೋಡಿ ಬೆರಗಾಗುವಂಥದ್ದು ಏನೂ ಆಗಲಿಲ್ಲ. ಅದೇ ಪುಂಜದಲ್ಲಿ 1572ರಲ್ಲಿ ಟೈಕೋ ಬ್ರಾಹೆ ನೋಡಿದ ಸೂಪರ್‌ನೋವಾ ಮಾತ್ರ ಹಗಲಲ್ಲೂ ಕಾಣುತ್ತಿತ್ತು. ಎರಡರ ಅವಶೇಷಗಳೂ ಇವತ್ತು ಗಾಮಾ ಕಿರಣ ಸೂಸುತ್ತಿವೆ. ಒಂದೇ ಪುಂಜದಲ್ಲಿ ಎರಡು!

ಎರಡನೇ ಪ್ರಶ್ನೆಗೆ ನನಗೆ ತಿಳಿದ ಮಟ್ಟಿಗೆ ಉತ್ತರ ಸಿಕ್ಕಾಗಿದೆ. 2013ರಲ್ಲಿ ಫರ್ಮಿ ಅನ್ನುವ ಗಾಮಾ ಕಿರಣ ಉಪಗ್ರಹದವರು ಸೂಪರ್‌ನೋವಾ ಅವಶೇಷಗಳಲ್ಲಿ ಪ್ರೋಟಾನ್‌ಗಳ ಗುರುತನ್ನೇ ಹಿಡಿದರು, ಪತ್ರಿಕೆಗಳಲ್ಲೂ ಬಂತು. ಕ್ರ್ಯಾಬ್ ಕೂಡ ಅವಶೇಷವೇ, ಅಲ್ಲಿಂದ 1989ರಲ್ಲೇ ಟಿಇವಿ ಗಾಮಾ ಕಿರಣ ಸಿಕ್ಕಿತ್ತು. ಇನ್ನೇನು ಬಾಕಿ ಇದೆ?


ಹೈಡೆಲ್‌ಬರ್ಗ್ ಕನ್ನಡತಿ:

ತುಮಕೂರಿನವರೇ, ನೀವು ಹೇಳಿದ ಎರಡೂ ಸಂಗತಿ ನಿಜ. ಆದರೆ ಎರಡರಿಂದಲೂ ಮೇಷ್ಟ್ರ ಗಂಟು ಬಿಚ್ಚುವುದಿಲ್ಲ.

ಕ್ರ್ಯಾಬ್ ಕಥೆಯೇ ಬೇರೆ. ಅಲ್ಲಿ ಒಳಗೆ ಒಂದು ಪಲ್ಸಾರ್, ಅಂದರೆ ಸಿಡಿದ ನಕ್ಷತ್ರದ ಉಳಿದ ಗಟ್ಟಿ ತಿರುಳು, ಸೆಕೆಂಡಿಗೆ 30 ಸಲ ಗಿರಗಿರ ತಿರುಗುತ್ತಾ ಕೂತಿದೆ. ಆ ಬೆಳಕಿಗೆಲ್ಲ ಶಕ್ತಿ ಒದಗಿಸುತ್ತಿರುವುದು ಅದರ ತಿರುಗಾಟ. ಸ್ಫೋಟದ ಆಘಾತದ ಅಲೆ ಅಲ್ಲ. ನಾವು ಮಾತಾಡುತ್ತಿರುವುದು ಚಿಪ್ಪಿನ ಹಾಗೆ ಹೊರಗೆ ಹಿಗ್ಗುತ್ತಿರುವ ಅವಶೇಷಗಳ ಬಗ್ಗೆ. ಕ್ಯಾಸ್ ಎ, ಟೈಕೋ, ಕೆಪ್ಲರ್ 1604ರಲ್ಲಿ ನೋಡಿದ್ದು, 1006ರದ್ದು ಇವೆಲ್ಲ ಆ ಜಾತಿಯವು.

ಇನ್ನು 2013. ಅದು ದೊಡ್ಡ ಫಲಿತಾಂಶ, ಎರಡು ಮಾತಿಲ್ಲ. ಆದರೆ ಆಗ ಗುರುತು ಸಿಕ್ಕ ಎರಡು ಅವಶೇಷಗಳು ಐಸಿ 443 ಮತ್ತು ಡಬ್ಲ್ಯೂ 44. ಎರಡೂ ವಯಸ್ಸಾದವು, ಹತ್ತು ಸಾವಿರ ವರ್ಷದ ಲೆಕ್ಕದವು. ಅವುಗಳ ಅಲೆ ಈಗ ನಿಧಾನವಾಗಿದೆ, ಪಕ್ಕದ ದಟ್ಟ ಅನಿಲದ ಮೋಡಗಳಿಗೆ ಡಿಕ್ಕಿ ಹೊಡೆಯುತ್ತಿದೆ. ಅಲ್ಲಿ ಪ್ರೋಟಾನ್‌ಗಳಿವೆ ಅನ್ನುವುದು ಸಾಬೀತಾಯಿತು. ಆದರೆ ಅಲ್ಲಿನ ಗಾಮಾ ಕಿರಣ ಹೆಚ್ಚಿನ ಶಕ್ತಿಗೆ ಹೋದಂತೆ ಬೇಗ ಬೇಗ ಕುಸಿಯುತ್ತದೆ. ದೊಡ್ಡ ಶಕ್ತಿಯ ಕಾಸ್ಮಿಕ್ ಕಿರಣಗಳನ್ನು ಹುಡುಕುವವರು ಎಳೆಯ ಅವಶೇಷಗಳ ಕಡೆಗೇ ಬರಬೇಕು, ವೇಗದ ಅಲೆ ಇರುವುದು ಅಲ್ಲಿ.

ಅಲ್ಲಿ ತೊಡಕು ಏನು ಅಂದರೆ, ಗಾಮಾ ಕಿರಣ ಕಂಡಿತು ಅಂದ ಮಾತ್ರಕ್ಕೆ ಪ್ರೋಟಾನ್ ಕಂಡಿತು ಅಂತ ಅಲ್ಲ. ಇದನ್ನು ನಾನು ಸ್ವಲ್ಪ ಒತ್ತಿ ಹೇಳುತ್ತೇನೆ, ಸುದ್ದಿಗಳಲ್ಲಿ ಮತ್ತೆ ಮತ್ತೆ ಬಿಟ್ಟುಹೋಗುವುದು ಇದೇ. ದಾರಿ ಎರಡಿದೆ. ವೇಗದ ಪ್ರೋಟಾನ್ ಹೋಗಿ ಅನಿಲದ ಇನ್ನೊಂದು ಪ್ರೋಟಾನ್‌ಗೆ ಬಡಿದರೆ ಪೈಯಾನ್ ಅನ್ನುವ ಕಣ ಹುಟ್ಟುತ್ತದೆ, ವಿದ್ಯುದಾವೇಶವಿಲ್ಲದ ಪೈಯಾನ್ ಕ್ಷಣವೂ ಉಳಿಯದೆ ಎರಡು ಗಾಮಾ ಕಿರಣಗಳಾಗಿ ಒಡೆಯುತ್ತದೆ. ಇನ್ನೊಂದು ದಾರಿಯಲ್ಲಿ ಪ್ರೋಟಾನೇ ಬೇಡ. ವೇಗದ ಎಲೆಕ್ಟ್ರಾನ್ ಒಂದು, ಬ್ರಹ್ಮಾಂಡದಲ್ಲೆಲ್ಲ ತುಂಬಿರುವ ಆ 2.7 ಡಿಗ್ರಿಯ ತಣ್ಣನೆಯ ಮೈಕ್ರೋವೇವ್ ಬೆಳಕಿನ ಒಂದು ಫೋಟಾನ್‌ಗೆ ಗುದ್ದಿ ಅದನ್ನೇ ಗಾಮಾ ಕಿರಣವಾಗಿ ಎತ್ತಿ ಎಸೆಯಬಹುದು. ನಮ್ಮ ದೂರದರ್ಶಕಕ್ಕೆ ಬಂದು ಬೀಳುವುದು ಎರಡೂ ಸಲ ಗಾಮಾ ಕಿರಣವೇ. ಅದರ ಮೇಲೆ ಹೆಸರು ಬರೆದಿರುವುದಿಲ್ಲ.

ಭೂಮಿಗೆ ಬರುವ ಕಾಸ್ಮಿಕ್ ಕಿರಣಗಳಲ್ಲಿ ಹತ್ತಕ್ಕೆ ಒಂಬತ್ತು ಪಾಲು ಪ್ರೋಟಾನ್‌ಗಳೇ, ಎಲೆಕ್ಟ್ರಾನ್ ನೂರಕ್ಕೆ ಒಂದರಷ್ಟು. ಆದ್ದರಿಂದ ಎಲೆಕ್ಟ್ರಾನ್ ಸಿಕ್ಕಿತು ಅಂದರೆ ಮೂಲ ಸಿಕ್ಕಿತು ಅನ್ನಲು ಬರುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಆರ್‌ಎಕ್ಸ್ ಜೆ1713 ಅಂತ ಒಂದು ಅವಶೇಷ ಇದೆ, ವೃಶ್ಚಿಕ ರಾಶಿಯಲ್ಲಿ. 393ನೇ ಇಸವಿಯಲ್ಲಿ ಚೀನೀಯರು ಬರೆದಿಟ್ಟ ಅತಿಥಿ ನಕ್ಷತ್ರ ಇದೇ ಇರಬೇಕು ಅನ್ನುತ್ತಾರೆ. ಆಕಾಶದಲ್ಲಿ ಅದು ಎರಡು ಹುಣ್ಣಿಮೆ ಚಂದ್ರರಷ್ಟು ಅಗಲ. 2004ರಲ್ಲಿ ನಮೀಬಿಯಾದ ಹೆಸ್ ದೂರದರ್ಶಕಗಳು ಅದರ ಚಿತ್ರ ತೆಗೆದವು. ಟಿಇವಿ ಗಾಮಾ ಕಿರಣದಲ್ಲಿ ಒಂದು ಅವಶೇಷದ ಚಿಪ್ಪಿನ ಆಕಾರವನ್ನೇ ನೋಡಿದ್ದು ಅದೇ ಮೊದಲು. ಪ್ರೋಟಾನ್ ಅಂತಲೇ ಬಹಳ ಜನ ಅಂದುಕೊಂಡರು. 2011ರಲ್ಲಿ ಫರ್ಮಿ ಉಪಗ್ರಹ ಅದರ ಕಡಿಮೆ ಶಕ್ತಿಯ ಭಾಗವನ್ನು ಅಳೆದಾಗ ಯಾವ ಶಕ್ತಿಯ ಗಾಮಾ ಕಿರಣ ಎಷ್ಟು ಅನ್ನುವ ರೇಖೆ ಎಲೆಕ್ಟ್ರಾನ್ ಕಡೆ ವಾಲಿತು. ಆಮೇಲೆ ಜಪಾನಿನವರು ಸುತ್ತಲಿನ ಅನಿಲದ ಮೋಡಗಳ ನಕ್ಷೆಯನ್ನು ಗಾಮಾ ನಕ್ಷೆಯ ಮೇಲೆ ಇಟ್ಟು ನೋಡಿದರು. ಮೋಡ ದಟ್ಟ ಇದ್ದಲ್ಲಿ ಗಾಮಾ ಜಾಸ್ತಿ! 2021ರ ಅವರ ಲೆಕ್ಕದ ಪ್ರಕಾರ ಮೂರರಲ್ಲಿ ಎರಡು ಪಾಲು ಪ್ರೋಟಾನ್, ಒಂದು ಪಾಲು ಎಲೆಕ್ಟ್ರಾನ್. 17 ವರ್ಷ, ಒಂದೇ ಅವಶೇಷ, ಮೂರು ಸಲ ಅಭಿಪ್ರಾಯ ಬದಲಾಯಿತು. ಅಷ್ಟು ಕಷ್ಟದ ಕೆಲಸ ಇದು.


ಮೈಸೂರು ಎಂಎಸ್ಸಿ:

ಅಕ್ಕಾ, ಇಲ್ಲಿ ಒಂದು ಮಾತು ಸೇರಿಸಲೇ? ಎಲೆಕ್ಟ್ರಾನ್‌ಗಳು ಅಲ್ಲಿ ಖಂಡಿತ ಇವೆ ಅಂತ ಹೇಗೆ ಗೊತ್ತು ಅಂದರೆ ಅದು ಮೇಷ್ಟ್ರು ತೋರಿಸಿದ ಎಕ್ಸ್-ರೇ ಚಿತ್ರದಿಂದಲೇ ಶುರುವಾಗುತ್ತದೆ. ಈ ಸೆಮಿಸ್ಟರ್ ನನ್ನ ಪ್ರಾಜೆಕ್ಟ್ ಇದರ ಮೇಲೇ ಇದೆ.

ಮೇಷ್ಟ್ರು ಹೇಳಿದ ಶಿಖರಗಳು ಬಿಸಿ ಅನಿಲದ ಗುರುತು. 1995ರಲ್ಲಿ ಜಪಾನಿನ ಆಸ್ಕಾ ಉಪಗ್ರಹ 1006ರ ಸೂಪರ್‌ನೋವಾದ ಅವಶೇಷವನ್ನು ನೋಡಿತು. ನಡುಭಾಗದ ಎಕ್ಸ್-ರೇಯಲ್ಲಿ ಶಿಖರಗಳಿದ್ದವು. ಅಂಚಿನ ಎಕ್ಸ್-ರೇಯಲ್ಲಿ ಒಂದೂ ಇರಲಿಲ್ಲ, ನುಣುಪಾದ ರೇಖೆ. ಅದು ಬಿಸಿಯ ಬೆಳಕಲ್ಲ. ಹತ್ತಾರು ಟಿಇವಿ ಶಕ್ತಿಯ ಎಲೆಕ್ಟ್ರಾನ್‌ಗಳು ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುತ್ತಾ ಬಿಡುವ ಸಿಂಕ್ರೊಟ್ರಾನ್ ಬೆಳಕು. ರೇಡಿಯೋ ಅಲೆಯಲ್ಲಿ ಇಂಥದ್ದು ಮೊದಲೇ ಗೊತ್ತಿತ್ತು, ಆದರೆ ಎಕ್ಸ್-ರೇಯಲ್ಲಿ ಕಾಣಬೇಕಾದರೆ ಎಲೆಕ್ಟ್ರಾನ್‌ಗಳು ಅಷ್ಟು ಮೇಲಕ್ಕೆ ಏರಿರಬೇಕು.

ಕ್ಯಾಸ್ ಎ ಯಲ್ಲೂ ಹಾಗೆಯೇ. ಚಂದ್ರಾ ಅನ್ನುವ ಎಕ್ಸ್-ರೇ ದೂರದರ್ಶಕ 1999ರಲ್ಲಿ ಹಾರಿದ ಮೇಲೆ ಮೊದಲು ಬಿಡುಗಡೆ ಮಾಡಿದ ಚಿತ್ರ ಅದರದ್ದೇ. ಹೊರ ಅಂಚಿನಲ್ಲಿ ಕೂದಲಿನಷ್ಟು ತೆಳ್ಳಗಿನ ಎಳೆಗಳು ಕಾಣುತ್ತವೆ. ಎಳೆ ಯಾಕೆ ಅಷ್ಟು ತೆಳ್ಳಗೆ? ಎಲೆಕ್ಟ್ರಾನ್‌ಗಳು ಅಲೆಯ ಹತ್ತಿರ ಶಕ್ತಿ ಗಳಿಸಿ, ದೂರ ಹೋಗುವ ಮೊದಲೇ ಬೆಳಕು ಬಿಟ್ಟು ಸುಸ್ತಾಗುತ್ತವೆ. ಹತ್ತಿಪ್ಪತ್ತು ವರ್ಷದ ಆಟ ಅಷ್ಟೇ. ಅಷ್ಟು ಬೇಗ ಸುಸ್ತಾಗಬೇಕಾದರೆ ಕಾಂತಕ್ಷೇತ್ರ ಬಲವಾಗಿರಬೇಕು. ಎಷ್ಟು ಬಲ ಅಂತ ಎಳೆಯ ಅಗಲದಿಂದಲೇ ಲೆಕ್ಕ ಹಾಕಬಹುದು, ಮಾಮೂಲಿ ಅಂತರತಾರಾ ಕ್ಷೇತ್ರಕ್ಕಿಂತ ಹತ್ತಾರು ಪಟ್ಟು ಜಾಸ್ತಿ ಬರುತ್ತದೆ. ಅಲೆ ಅನಿಲವನ್ನು ಒತ್ತುವುದರಿಂದ ಕ್ಷೇತ್ರ ಮೂರು ನಾಲ್ಕು ಪಟ್ಟು ಹೆಚ್ಚಬಹುದು, ಹತ್ತಾರು ಪಟ್ಟು ಆಗುವುದಿಲ್ಲ. ಉಳಿದದ್ದನ್ನು ಯಾರು ಹೆಚ್ಚಿಸಿದರು? ಅಲೆಯ ಮುಂದೆ ಓಡುವ ಕಾಸ್ಮಿಕ್ ಕಿರಣಗಳೇ ಕ್ಷೇತ್ರವನ್ನು ಕಲಕಿ ಹಿಗ್ಗಿಸುತ್ತವೆ ಅಂತ ಬೆಲ್ ಅವರೇ 2004ರಲ್ಲಿ ತೋರಿಸಿದರು. ಬರೀ ಎಲೆಕ್ಟ್ರಾನ್‌ಗಳಿಗೆ ಅಷ್ಟು ತಾಕತ್ತು ಇಲ್ಲ. ಹಾಗಾಗಿ ಎಲೆಕ್ಟ್ರಾನ್‌ಗಳ ಬೆಳಕಿನಲ್ಲೇ ಪ್ರೋಟಾನ್‌ಗಳ ನೆರಳು ಕಾಣುತ್ತದೆ ಅಂತ ನನ್ನ ಗೈಡ್ ಹೇಳುತ್ತಾರೆ.

ಅದರಿಂದ ಗಾಮಾ ಕಿರಣದ ಲೆಕ್ಕಕ್ಕೂ ಉಪಯೋಗ ಇದೆ. ಕಾಂತಕ್ಷೇತ್ರ ಬಲವಾಗಿದ್ದಷ್ಟೂ ಅದೇ ಎಕ್ಸ್-ರೇಗೆ ಕಡಿಮೆ ಎಲೆಕ್ಟ್ರಾನ್ ಸಾಕು. ಎಲೆಕ್ಟ್ರಾನ್ ಕಡಿಮೆಯಾದರೆ ಅವು ಎಸೆಯುವ ಗಾಮಾ ಕಿರಣವೂ ಕಡಿಮೆ. ಆಗ ಕಾಣುತ್ತಿರುವ ಗಾಮಾ ಕಿರಣಕ್ಕೆ ಪ್ರೋಟಾನ್‌ಗಳನ್ನು ಕರೆಯಲೇಬೇಕಾಗುತ್ತದೆ. ಕ್ಯಾಸ್ ಎ, ಟೈಕೋ ಎರಡರಲ್ಲೂ ಇದೇ ವಾದ, ಸರಿನಾ ಅಕ್ಕಾ?


ಹೈಡೆಲ್‌ಬರ್ಗ್ ಕನ್ನಡತಿ:

ಪೂರ್ತಿ ಸರಿ. ತುಂಬಾ ಚೆನ್ನಾಗಿ ಹೇಳಿದಿರಿ, ಪ್ರಾಜೆಕ್ಟ್ ಮುಗಿದ ಮೇಲೆ ಇಲ್ಲಿ ಹಂಚಿಕೊಳ್ಳಿ. ಒಂದೇ ಒಂದು ಎಚ್ಚರ: ಕ್ಯಾಸ್ ಎ ಆಕಾಶದಲ್ಲಿ 5 ಕಲೆಯಷ್ಟು (ಒಂದು ಕಲೆ ಅಂದರೆ ಡಿಗ್ರಿಯ 60ನೇ ಒಂದು ಪಾಲು) ಅಗಲ, ಚಂದ್ರನ ಆರನೇ ಒಂದು ಪಾಲು. ಗಾಮಾ ದೂರದರ್ಶಕಗಳಿಗೆ ಅದು ಬರೀ ಒಂದು ಚುಕ್ಕೆ. ನೀವು ಹೇಳಿದ ಎಳೆಗಳಿಂದ ಗಾಮಾ ಬರುತ್ತಿದೆಯೋ, ಒಳಗಿನ ಅನಿಲದ ಮುದ್ದೆಗಳಿಂದ ಬರುತ್ತಿದೆಯೋ ಚಿತ್ರ ನೋಡಿ ಹೇಳಲು ಬರುವುದಿಲ್ಲ.

ಆದರೂ ಕ್ಯಾಸ್ ಎ ಯಲ್ಲಿ ಪ್ರೋಟಾನ್ ಪಕ್ಷ ಗಟ್ಟಿ. 2013ರಲ್ಲಿ ಫರ್ಮಿ ಮಾಪನದಲ್ಲಿ ಕಡಿಮೆ ಶಕ್ತಿಯ ಕಡೆ ರೇಖೆ ಬಾಗಿದ್ದು ಕಂಡಿತು. ಪೈಯಾನ್ ಒಡೆದು ಬರುವ ಗಾಮಾ ಕಿರಣ ಹಾಗೆಯೇ ಬಾಗಬೇಕು.


ಕೆಜಿಎಫ್ ಮೊಮ್ಮಗ:

ಕಾಸ್ಮಿಕ್ ಕಿರಣ ಅಂದ ತಕ್ಷಣ ಓಡಿ ಬಂದೆ. ನಮ್ಮ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಗಣಿಯ ಆಳದಲ್ಲಿ ಉಪಕರಣ ಇಟ್ಟು ಕೂತಿರುತ್ತಿದ್ದರು ಅಂತ ಹೇಳುತ್ತಿದ್ದರು. ಮೇಲಿನಿಂದ ಕಾಸ್ಮಿಕ್ ಕಿರಣ ವಾತಾವರಣಕ್ಕೆ ಬಡಿದಾಗ ಹುಟ್ಟುವ ಮ್ಯುವಾನ್‌ಗಳು ಬಂಡೆಯೊಳಗೆ ಎಷ್ಟು ಆಳ ಇಳಿಯುತ್ತವೆ ಅಂತ ಅಳೆಯಲು. ಇಳಿದಷ್ಟೂ ಮ್ಯುವಾನ್ ಕಡಿಮೆ. ತೀರಾ ಆಳದಲ್ಲಿ ಮ್ಯುವಾನ್ ಸದ್ದೇ ಇಲ್ಲ ಅನ್ನುವಷ್ಟು ನಿಶ್ಶಬ್ದ. ಆ ನಿಶ್ಶಬ್ದವೇ ಕೆಲಸಕ್ಕೆ ಬಂತು. 1965ರಲ್ಲಿ ಸುಮಾರು 2,300 ಮೀಟರ್ ಆಳದಲ್ಲಿ, ಜಪಾನ್ ಮತ್ತು ಇಂಗ್ಲೆಂಡಿನವರ ಜೊತೆ ಸೇರಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊವನ್ನು, ಅಂದರೆ ಬಂಡೆಯನ್ನೂ ಸಲೀಸಾಗಿ ದಾಟುವ ಕಣವನ್ನು, ಹಿಡಿದರು. ಪ್ರಪಂಚದಲ್ಲಿ ಮೊದಲು ಹಿಡಿದವರಲ್ಲಿ ಅವರೂ ಒಬ್ಬರು.

2001ರಲ್ಲಿ ಗಣಿ ಮುಚ್ಚಿತು. ತಾತ ಈಗ ಇಲ್ಲ. ಆ ಕಣಗಳೆಲ್ಲ ಎಲ್ಲಿಂದ ಬರುತ್ತಿದ್ದವು ಅಂತ ಅವರು ಒಮ್ಮೆಯೂ ಕೇಳಲಿಲ್ಲ, ನಾನು ಕೇಳುತ್ತಿದ್ದೇನೆ. ಮೇಡಂ, ಕ್ಯಾಸ್ ಎ ಯಲ್ಲಿ ಪ್ರೋಟಾನ್ ಪಕ್ಷ ಗಟ್ಟಿ ಅಂದಿರಿ. ಹಾಗಾದರೆ ಮೂಲ ಸಿಕ್ಕಿತು ಅಂತ ಹೇಳಿಬಿಡಬಹುದಲ್ಲ?


ಹೈಡೆಲ್‌ಬರ್ಗ್ ಕನ್ನಡತಿ:

ನಿಮ್ಮ ತಾತನ ವಿಷಯ ಓದಿ ಮನಸ್ಸು ತುಂಬಿ ಬಂತು. ಅವರು ಅಗೆದ ಸುರಂಗದಲ್ಲಿ ನಡೆದ ಪ್ರಯೋಗಗಳನ್ನು ಇವತ್ತಿಗೂ ನಮ್ಮ ಕ್ಷೇತ್ರದವರು ನೆನೆಯುತ್ತಾರೆ.

ನಿಮ್ಮ ಪ್ರಶ್ನೆಯೇ ಮೇಷ್ಟ್ರ ಗಂಟಿನ ಕೊನೆಯ ಎಳೆ. ಪ್ರೋಟಾನ್ ಇದ್ದರೆ ಸಾಲದು, ಎಷ್ಟು ಶಕ್ತಿಯ ಪ್ರೋಟಾನ್ ಅನ್ನುವುದು ಮುಖ್ಯ. ಕಾಸ್ಮಿಕ್ ಕಿರಣಗಳನ್ನು ಶಕ್ತಿಯ ಪ್ರಕಾರ ಎಣಿಸಿ ರೇಖೆ ಎಳೆದರೆ ಅದು ಬಹಳ ದೂರ ಒಂದೇ ಇಳಿಜಾರಿನಲ್ಲಿ ಹೋಗಿ ಸುಮಾರು 3,000 ಟಿಇವಿ ಹತ್ತಿರ ಮೊಣಕಾಲಿನ ಹಾಗೆ ಬಾಗುತ್ತದೆ. ಅದನ್ನು ಮೊಣಕಾಲು ಅಂತಲೇ ಕರೆಯುತ್ತಾರೆ. ನಮ್ಮ ಗ್ಯಾಲಕ್ಸಿಯ ಯಾವುದೋ ಯಂತ್ರ ಪ್ರೋಟಾನ್‌ಗಳನ್ನು ಅಲ್ಲಿಯವರೆಗೆ ಎತ್ತುತ್ತಿದೆ. ಸೂಪರ್‌ನೋವಾಗಳೇ ಆ ಯಂತ್ರ ಅಂತ ಬಾಡೆ ಮತ್ತು ಜ್ವಿಕಿ 1934ರಲ್ಲೇ ಹೇಳಿದ್ದರು. ಬಂಡವಾಳದ ಲೆಕ್ಕ ಹೊಂದುತ್ತದೆ: ಗ್ಯಾಲಕ್ಸಿಯಲ್ಲಿ ನೂರು ವರ್ಷಕ್ಕೆ ಎರಡು ಮೂರು ಸ್ಫೋಟ, ಒಂದೊಂದರ ಶಕ್ತಿಯಲ್ಲಿ ಹತ್ತನೇ ಒಂದು ಪಾಲು ಕಾಸ್ಮಿಕ್ ಕಿರಣಕ್ಕೆ ಹೋದರೆ ಸಾಕು. ಇಷ್ಟು ಚೆನ್ನಾಗಿ ಹೊಂದುವ ಬೇರೆ ಲೆಕ್ಕ ಇರಲಿಲ್ಲ. ಅದಕ್ಕೇ ಎಲ್ಲರೂ ನಂಬಿದ್ದರು. ನಾನೂ ನಂಬಿಯೇ ಈ ಕೆಲಸಕ್ಕೆ ಬಂದದ್ದು.

ಆದರೆ ಕ್ಯಾಸ್ ಎ ಹೇಳಿದ್ದು ಬೇರೆ. ಅಲ್ಲಿಂದ ಟಿಇವಿ ಗಾಮಾ ಮೊದಲು ಸಿಕ್ಕಿದ್ದೇ ದೊಡ್ಡ ಸಾಹಸ. ಕ್ಯಾನರಿ ದ್ವೀಪಗಳ ಲಾ ಪಾಲ್ಮಾದಲ್ಲಿ ಹೆಗ್ರಾ ದೂರದರ್ಶಕಗಳು 232 ಗಂಟೆ ಅದನ್ನೇ ನೋಡಬೇಕಾಯಿತು, ಫಲಿತಾಂಶ ಬಂದದ್ದು 2001ರಲ್ಲಿ. ಅದೇ ದ್ವೀಪದ ಮ್ಯಾಜಿಕ್ ದೂರದರ್ಶಕಗಳು ಇನ್ನೂ 158 ಗಂಟೆ ನೋಡಿ 2017ರಲ್ಲಿ ಹೇಳಿದ್ದು ಇದು: ಗಾಮಾ ಕಿರಣ 3.5 ಟಿಇವಿ ಆಸುಪಾಸಿನಲ್ಲಿ ತಟ್ಟನೆ ಕುಸಿಯುತ್ತದೆ. ಪ್ರೋಟಾನ್‌ನ ಶಕ್ತಿಯಲ್ಲಿ ಗಾಮಾ ಕಿರಣಕ್ಕೆ ಸಿಗುವುದು ಹತ್ತನೇ ಒಂದು ಪಾಲಿನಷ್ಟು. ರೇಖೆ ಕುಸಿಯುವ ರೀತಿ ನೋಡಿದರೆ ಅಲ್ಲಿನ ಪ್ರೋಟಾನ್‌ಗಳು ಏರಿರುವುದು ಹತ್ತಿಪ್ಪತ್ತು ಟಿಇವಿವರೆಗೆ. ಬೇಕಾದದ್ದು 3,000! ನೂರು ಪಟ್ಟಿಗಿಂತ ಜಾಸ್ತಿ ಕೊರತೆ. ಸಣ್ಣ ವ್ಯತ್ಯಾಸ ಆಗಿದ್ದರೆ ಅಳತೆಯ ತಪ್ಪು ಅನ್ನಬಹುದಿತ್ತು. ಇದು ಹಾಗಲ್ಲ.

ನಮಗೆ ಅತಿ ಚೆನ್ನಾಗಿ ಗೊತ್ತಿರುವ, ಎಳೆಯ, ವೇಗದ ಅಲೆ ಇರುವ, ಬಲವಾದ ಕಾಂತಕ್ಷೇತ್ರ ಇರುವ ಅವಶೇಷವೇ ಹೀಗೆ ಅಂದ ಮೇಲೆ ಬೇರೆ ಕಡೆಯೂ ಹುಡುಕಬೇಕು. ಚೀನಾದ ಸಿಚುವಾನ್ ಬೆಟ್ಟಗಳಲ್ಲಿ 4,400 ಮೀಟರ್ ಎತ್ತರದಲ್ಲಿ ಇರುವ ಲಾಸೊ ವೀಕ್ಷಣಾಲಯ 2021ರಲ್ಲಿ 12 ಕಡೆಯಿಂದ ಬರುವ ಅತಿ ದೊಡ್ಡ ಶಕ್ತಿಯ ಗಾಮಾ ಕಿರಣಗಳನ್ನು ಪ್ರಕಟಿಸಿತು. ಎಲ್ಲಕ್ಕಿಂತ ದೊಡ್ಡದು 1,400 ಟಿಇವಿಯದ್ದು. ಬಂದದ್ದು ಸಿಗ್ನಸ್ ನಕ್ಷತ್ರಪುಂಜದ ಕಡೆಯಿಂದ, ಅಲ್ಲಿ ಭಾರೀ ನಕ್ಷತ್ರಗಳ ದೊಡ್ಡ ಗುಂಪಿದೆ. ಈಗ ಬಹಳ ಜನ ನಕ್ಷತ್ರಗಳ ಗುಂಪುಗಳನ್ನು, ಅನಿಲ ನುಂಗುವ ಕಪ್ಪುಕುಳಿಗಳನ್ನು ನೋಡುತ್ತಿದ್ದಾರೆ. ನಮ್ಮ ಊಟಿಯಲ್ಲಿ ಕಾಸ್ಮಿಕ್ ಕಿರಣ ಅಳೆಯುವ ಗ್ರೇಪ್ಸ್-3 ಪ್ರಯೋಗ ಕೂಡ 2024ರಲ್ಲಿ ಒಂದು ಮುಖ್ಯ ಸಂಗತಿ ಹೇಳಿತು: ಪ್ರೋಟಾನ್‌ಗಳ ರೇಖೆ ಮೊಣಕಾಲಿಗೆ ಮೊದಲೇ, 166 ಟಿಇವಿ ಹತ್ತಿರ, ಇಳಿಜಾರು ಬದಲಿಸುತ್ತದೆ. ಒಂದೇ ಯಂತ್ರ ಇದ್ದಿದ್ದರೆ ಹೀಗೆ ನಡುವೆ ತಿರುವು ಇರುವ ಕಾರಣ ಇಲ್ಲ. ಯಂತ್ರಗಳು ಒಂದಕ್ಕಿಂತ ಹೆಚ್ಚಿವೆ ಅನ್ನುವುದು ನನ್ನ ಅಭಿಪ್ರಾಯ.

ಮೇಷ್ಟ್ರೇ, ನಿಮ್ಮ ಎರಡೂ ವಾಕ್ಯಗಳು ಸರಿ. ಸಾಕ್ಷಿ ಸಿಕ್ಕಿದ್ದು ಕೆಳಗಿನ ಶಕ್ತಿಯ ಪ್ರೋಟಾನ್‌ಗಳಿಗೆ. ಇತ್ಯರ್ಥ ಆಗದೆ ಉಳಿದಿರುವುದು ಮೊಣಕಾಲಿನದ್ದು.


ರಾತ್ರಿಆಕಾಶ ತುಮಕೂರು:

ನನ್ನ ತಿಳುವಳಿಕೆ ತಿದ್ದಿದ್ದಕ್ಕೆ ಧನ್ಯವಾದ ಮೇಡಂ. ಐಸಿ 443ಕ್ಕೂ ಕ್ಯಾಸ್ ಎ ಗೂ ಇಷ್ಟು ಅಂತರ ಇದೆ ಅಂತ ಎಲ್ಲೂ ಓದಿರಲಿಲ್ಲ. 2024ರ ಅಕ್ಟೋಬರ್ 4ರಂದು ಲಡಾಖಿನ ಹಾನ್ಲೆಯಲ್ಲಿ ಉದ್ಘಾಟನೆಯಾದ ಮೇಸ್ ಗಾಮಾ ಕಿರಣ ದೂರದರ್ಶಕದ ಕನ್ನಡಿ 21 ಮೀಟರ್ ಅಗಲ. ಕ್ಯಾಸ್ ಎ ಉತ್ತರದ ಆಕಾಶದಲ್ಲಿ ಇರುವುದರಿಂದ ಅಲ್ಲಿಂದ ಚೆನ್ನಾಗಿ ಸಿಗುತ್ತದೆ. ನಮ್ಮವರೂ ಅದನ್ನು ನೂರಾರು ಗಂಟೆ ನೋಡಲಿ ಅಂತ ಆಸೆ.


ಶಿರಸಿ ಮೇಷ್ಟ್ರು:

ಎಲ್ಲರಿಗೂ ಕೈಮುಗಿಯುತ್ತೇನೆ. ಇವತ್ತು ಶನಿವಾರ ಪಾಠ ಮುಗಿಸಿ ಬಂದೆ. ಚಕ್ರಬಡ್ಡಿ ಲೆಕ್ಕವನ್ನು ಬೋರ್ಡಿನ ಮೇಲೆ ಬಿಡಿಸಿದೆ. 1.017ನ್ನು ಗುಣಿಸುತ್ತಾ ಹೋಗಿ ಅಂತ ಮಕ್ಕಳಿಗೇ ಬಿಟ್ಟೆ. 42ನೇ ಸುತ್ತಿಗೆ ಎರಡು ದಾಟಿದಾಗ ಕ್ಲಾಸಿನಲ್ಲಿ ಎದ್ದ ಗದ್ದಲ ಪಕ್ಕದ ಕೊಠಡಿಗೆ ಕೇಳಿಸಿತು. ಕೆಜಿಎಫ್ ಕಥೆಯನ್ನೂ ಹೇಳಿದೆ, ತಾತನ ಮಾತು ಸೇರಿಸಿಯೇ.

ಅದೇ ಹುಡುಗಿ ಮತ್ತೆ ಎದ್ದಳು. "ಸರ್, ಈಗ ಹತ್ತಿಪ್ಪತ್ತು ಟಿಇವಿ ಅಂದ್ರಿ. ಆದರೆ 1680ರಲ್ಲಿ ಅಲೆ ಇನ್ನೂ ಜೋರಾಗಿ ಇತ್ತಲ್ಲ? ಆವಾಗಲೇ ಮೂರು ಸಾವಿರ ತಲುಪಿ ಹೊರಗೆ ಓಡಿಹೋಗಿದ್ದರೆ? ಅವು ಈಗ ಎಲ್ಲಿವೆ?"

ಅವಳ ಹೆಸರಿನಲ್ಲಿ ಕೇಳುತ್ತಿದ್ದೇನೆ.


ಹೈಡೆಲ್‌ಬರ್ಗ್ ಕನ್ನಡತಿ:

ಮೇಷ್ಟ್ರೇ, ಈ ಪ್ರಶ್ನೆಯನ್ನು ಒಂಬತ್ತನೇ ಕ್ಲಾಸಿನಲ್ಲಿ ಕೇಳಿದವಳಿಗೆ ನನ್ನ ಕಡೆಯಿಂದ ಒಂದು ಶಹಬ್ಬಾಸ್ ಹೇಳಿ. ಇದೇ ಪ್ರಶ್ನೆಯನ್ನು ಇಟ್ಟುಕೊಂಡು ಲಾಸೊ ತಂಡ 2024ರಲ್ಲಿ ಒಂದು ಪ್ರಬಂಧ ಬರೆದಿದೆ. ಕ್ಯಾಸ್ ಎ ಈಗ ದೊಡ್ಡ ಯಂತ್ರ ಅಲ್ಲ ಸರಿ, ಹಿಂದೆ ಆಗಿತ್ತೇ ಅಂತ.

ಅವರು ಯೋಚಿಸಿದ ರೀತಿ ಹೀಗೆ. ಸ್ಫೋಟವಾದ ಮೊದಲ ಕೆಲವು ವರ್ಷಗಳಲ್ಲಿ ಅಲೆ ಇನ್ನೂ ವೇಗ, ಸುತ್ತ ನಕ್ಷತ್ರವೇ ಬಿಟ್ಟುಹೋದ ದಟ್ಟ ಗಾಳಿ. ಆಗ ಹುಟ್ಟಿದ ದೊಡ್ಡ ಶಕ್ತಿಯ ಪ್ರೋಟಾನ್‌ಗಳು ಅವಶೇಷದ ಒಳಗೆ ನಿಲ್ಲುವುದಿಲ್ಲ, ಹೊರಗೆ ಹೋಗುತ್ತವೆ. ಆದರೆ ನೇರ ದಾರಿ ಹಿಡಿಯಲು ಆಗುವುದಿಲ್ಲ. ಗ್ಯಾಲಕ್ಸಿಯ ಕಾಂತಕ್ಷೇತ್ರದಲ್ಲಿ ಅಂಥ ಪ್ರೋಟಾನ್ ಮೂರು ನಾಲ್ಕು ಜ್ಯೋತಿರ್ವರ್ಷದ ಸುರುಳಿ ಸುತ್ತುತ್ತಾ, ಸಿಕ್ಕಿನಿಂದ ಸಿಕ್ಕಿಗೆ ಅಲೆಯುತ್ತಾ ಹೋಗಬೇಕು. ನಾವು ಈಗ ನೋಡುತ್ತಿರುವುದು ಸ್ಫೋಟವಾಗಿ ಬರೀ 340 ವರ್ಷವಾದ ಕ್ಯಾಸ್ ಎ ಯನ್ನು. ಅಷ್ಟರಲ್ಲಿ ಅವು ಬಹಳ ದೂರ ಹೋಗಿರಲಾರವು, ನಮ್ಮ ಕಣ್ಣಿಗೆ ಕ್ಯಾಸ್ ಎ ಸುತ್ತ ಒಂದೆರಡು ಡಿಗ್ರಿಯೊಳಗೇ ಇರಬೇಕು. ಅಲ್ಲಿನ ಅನಿಲದ ಮೋಡಗಳಿಗೆ ಬಡಿದು ನೂರು ಟಿಇವಿಗಿಂತ ಮೇಲಿನ ಗಾಮಾ ಕಿರಣ ಬಿಡುತ್ತಿರಬೇಕು.

ಲಾಸೊ ಆ ಜಾಗವನ್ನೆಲ್ಲ ನೋಡಿತು. ಏನೂ ಸಿಗಲಿಲ್ಲ. ಏನೂ ಸಿಗದಿರುವುದರಿಂದಲೇ, ಹಾಗೆ ಓಡಿಹೋದ ಪ್ರೋಟಾನ್‌ಗಳ ಒಟ್ಟು ಶಕ್ತಿ ಇಷ್ಟಕ್ಕಿಂತ ಹೆಚ್ಚಿರಲು ಸಾಧ್ಯವಿಲ್ಲ ಅಂತ ಒಂದು ಮೇಲಿನ ಮಿತಿ ಹಾಕಿದರು. ಆ ಮಿತಿ ಕ್ಯಾಸ್ ಎ ಪರವಾಗಿ ಇಲ್ಲ. ಆದರೆ ಪ್ರೋಟಾನ್‌ಗಳು ಎಷ್ಟು ಬೇಗ ಹರಡುತ್ತವೆ ಅನ್ನುವುದರ ಮೇಲೆ ಮಿತಿ ಸ್ವಲ್ಪ ಆಚೀಚೆ ಆಗುತ್ತದೆ, ಆದ್ದರಿಂದ ಇನ್ನೂ ಸ್ಫೋಟವಾಗಿ ಕೆಲವೇ ತಿಂಗಳಾದ ಸೂಪರ್‌ನೋವಾಗಳನ್ನು ಬೇರೆ ಗ್ಯಾಲಕ್ಸಿಗಳಲ್ಲಿ ಹುಡುಕಿ ನೋಡುವವರೂ ಇದ್ದಾರೆ. ನನ್ನ ಪಕ್ಕದ ಮೇಜಿನವಳ ಕೆಲಸ ಅದೇ.

ಹುಡುಗಿ ಮುಂದೆ ಪಿಯುಸಿಯಲ್ಲಿ ವಿಜ್ಞಾನ ತಗೊಂಡರೆ ನನಗೆ ತಿಳಿಸಿ. ಏನು ಓದಬೇಕು ಅಂತ ಒಂದು ಪಟ್ಟಿ ಮಾಡಿ ಕಳಿಸುತ್ತೇನೆ.